ಸೂರ್ಯನ ಅಂಚಿನಲ್ಲಿ ಬಾಗಿದ ಬೆಳಕು: 1919ರ ಗ್ರಹಣಫಲಕಗಳ ಪುನರ್ವಿಚಾರ

1919ರ ಮೇ 29ರ ಖಗ್ರಾಸ ಸೂರ್ಯಗ್ರಹಣವು ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಸ್ಥಿರಪಡಿಸಿತೆಂದು ನಮ್ಮ ತರಗತಿಗಳಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆ ವಾಕ್ಯದ ಹಿಂದಿನ ಕಥೆ ಅಷ್ಟು ಸರಳವಾದುದಲ್ಲ.

ಗುರುತ್ವದಿಂದ ಬೆಳಕು ಬಾಗಬೇಕೆಂಬ ಎಣಿಕೆ ಐನ್‌ಸ್ಟೈನರಿಂದ ಮೊದಲಾದುದಲ್ಲ. ಬೆಳಕನ್ನು ಕಣಗಳ ಪ್ರವಾಹವೆಂದು ಬಗೆದು, ಅದಕ್ಕೆ ನ್ಯೂಟನ್ನರ ನಿಯಮವನ್ನೇ ಅನ್ವಯಿಸಿ, ಸೂರ್ಯನ ಅಂಚನ್ನು ಸವರಿ ಬರುವ ಕಿರಣವು 0.84 ವಿಕಲೆಯಷ್ಟು ಬಾಗುವುದೆಂದು ಜರ್ಮನಿಯ ಸೋಲ್ಡ್ನರ್ ಎಂಬವರು 1801ರಲ್ಲಿಯೇ ಗಣಿಸಿದ್ದರು. (ಡಿಗ್ರಿಯ 3600ನೆಯ ಒಂದು ಭಾಗವೇ ವಿಕಲೆ.) 1911ರಲ್ಲಿ ಐನ್‌ಸ್ಟೈನರು ಬೇರೊಂದು ಮಾರ್ಗದಿಂದ, ಅಂದರೆ ಗುರುತ್ವವೂ ವೇಗೋತ್ಕರ್ಷವೂ ಸಮಾನವೆಂಬ ತತ್ತ್ವದಿಂದ ಹೊರಟು, 0.83 ಎಂಬ ಬೆಲೆಯನ್ನು ಪಡೆದರು. ಇದನ್ನು ಪರೀಕ್ಷಿಸಲು 1914ರ ಆಗಸ್ಟ್ ಗ್ರಹಣಕ್ಕೆಂದು ಕ್ರಿಮಿಯಾಕ್ಕೆ ಹೋದ ಫ್ರಾಯಿಂಡ್ಲಿಖ್, ಮಹಾಯುದ್ಧ ಸಿಡಿದುದರಿಂದ ರಷ್ಯನ್ನರ ಸೆರೆಯಾದರು. ಉಪಕರಣಗಳೂ ಅವರ ವಶವಾದವು. ಸಿದ್ಧಾಂತದ ಪಾಲಿಗೆ ಇದು ಅದೃಷ್ಟವೇ ಸರಿ. ಏಕೆಂದರೆ ಸೂರ್ಯನ ಬಳಿ ಕಾಲದ ಗತಿ ಮಾತ್ರವಲ್ಲ, ದೇಶವೂ ವಕ್ರವಾಗುವುದೆಂಬುದನ್ನು 1915ರ ನವೆಂಬರಿನಲ್ಲಿ ಲೆಕ್ಕಕ್ಕೆ ತಂದುಕೊಂಡಾಗ ಬಾಗು ಇಮ್ಮಡಿಯಾಯಿತು: ಸುಮಾರು 1.75 ವಿಕಲೆ. ಒಳ್ಳೆಯ ಫಲಕಗಳು 1914ರಲ್ಲೇ ದೊರೆತಿದ್ದರೆ ಐನ್‌ಸ್ಟೈನರು ತಪ್ಪಿದರೆಂಬ ತೀರ್ಪೇ ಹೊರಡುತ್ತಿತ್ತು.

ಆದ್ದರಿಂದ 1919ರಲ್ಲಿ ಬೆಳಕು ಬಾಗುವುದೇ ಎಂಬುದಕ್ಕಿಂತ, ಬಾಗು ಅರ್ಧವೋ ಪೂರ್ಣವೋ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಆಫ್ರಿಕದ ಪಶ್ಚಿಮ ತೀರದಾಚೆಯ ಪ್ರಿನ್ಸಿಪೆ ದ್ವೀಪದಲ್ಲಿ ಎಡಿಂಗ್ಟನ್ನರಿಗೆ ಮೋಡ ಅಡ್ಡಬಂದಿತು. ಬಳಕೆಗೆ ಬಂದ ಎರಡು ಫಲಕಗಳಿಂದ 1.61 ದೊರೆಯಿತು, ಸಂಭಾವ್ಯ ದೋಷ 0.30. ಬ್ರೆಜಿಲಿನ ಸೊಬ್ರಾಲಿನಲ್ಲಿ ಕ್ರೊಮೆಲಿನ್, ಡೇವಿಡ್ಸನ್ ಇವರ ನಾಲ್ಕಂಗುಲದ ಮಸೂರವು ಏಳು ನಕ್ಷತ್ರಗಳನ್ನು ಸ್ಪಷ್ಟವಾಗಿ ಹಿಡಿದು 1.98 ಕೊಟ್ಟಿತು, ದೋಷ 0.12. ಅಲ್ಲಿಯೇ ಇದ್ದ ದೊಡ್ಡ ದೂರದರ್ಶಕದ ಫಲಕಗಳು ಮಾತ್ರ 0.93 ಎಂದವು. ಇದು ಅರ್ಧದ ಪಕ್ಷಕ್ಕೆ ಸಾಕ್ಷಿ! ಬಿಸಿಲಿನ ಕಾವಿಗೆ ಕನ್ನಡಿಯ ಮೈ ವಿಕಾರಗೊಂಡು, ನಾಭಿ ತಪ್ಪಿ, ನಕ್ಷತ್ರಬಿಂಬಗಳು ಹರಡಿಹೋಗಿದ್ದವೆಂಬ ಕಾರಣದಿಂದ ಅದನ್ನು ಬದಿಗಿರಿಸಿ, ನವೆಂಬರ್ 6ರಂದು ಲಂಡನ್ನಿನ ಸಂಯುಕ್ತ ಸಭೆಯಲ್ಲಿ ಐನ್‌ಸ್ಟೈನರ ಬೆಲೆಯೇ ಸರಿಯೆಂದು ಸಾರಲಾಯಿತು.

ಎಡಿಂಗ್ಟನ್ನರು ತಮಗೆ ಬೇಕಾದ ಅಂಕಿಗಳನ್ನಷ್ಟೇ ಆರಿಸಿಕೊಂಡರೆಂದು ಮುಂದೆ ಕೆಲವರು ಆಕ್ಷೇಪಿಸಿದರು. ಸಿದ್ಧಾಂತದ ಮೇಲೆ ಅವರಿಗೆ ಒಲವಿದ್ದುದು ನಿಜ. ಆದರೆ ಸೊಬ್ರಾಲಿನ ಫಲಕಗಳನ್ನು ಅಳೆದುದು ಗ್ರೀನಿಚ್ಚಿನಲ್ಲಿ, ಡೈಸನ್ನರ ಮೇಲ್ವಿಚಾರಣೆಯಲ್ಲಿ, ಡೈಸನ್ನರಾದರೋ ಸಂಶಯವಾದಿಗಳು. ನಾಭಿ ಕೆಟ್ಟುದನ್ನು ಸೊಬ್ರಾಲಿನವರು ಫಲಕ ತೊಳೆದ ಕೂಡಲೇ, ಅಳತೆಗೆ ಬಹು ಮೊದಲೇ, ಗುರುತು ಹಾಕಿಕೊಂಡಿದ್ದರು. ಬಿಂಬ ಕೆಟ್ಟಿದೆಯೆಂದು ಫಲಕವನ್ನು ಬಿಡುವುದಕ್ಕೂ ಉತ್ತರ ಒಗ್ಗಲಿಲ್ಲವೆಂದು ಬಿಡುವುದಕ್ಕೂ ಅಂತರವುಂಟು. (ನಮ್ಮ ಪ್ರಯೋಗಶಾಲೆಗಳಲ್ಲಿ ಎರಡನೆಯದೇ ಹೆಚ್ಚೆಂಬುದನ್ನು ಅಧ್ಯಾಪಕರು ಬಲ್ಲರು.) ತಳ್ಳಿದ ಅಂಕಿಯನ್ನು ವರದಿಯಲ್ಲಿ ಮುಚ್ಚಿಡಲೂ ಇಲ್ಲ. 1979ರಲ್ಲಿ ಅವೇ ಫಲಕಗಳನ್ನು ಹೊಸ ಯಂತ್ರದಿಂದ ಅಳೆದಾಗ 0.93ರ ಸ್ಥಳದಲ್ಲಿ 1.55 ಬಂದಿತು, ದೋಷ 0.34.

ಹೀಗಿದ್ದರೂ 1919ರ ಸಾಕ್ಷ್ಯವೊಂದೇ ಸಾಕಾಗಿತ್ತೆಂದು ನಾನು ಹೇಳಲಾರೆ. 1914ರಲ್ಲಿ ಕೀವ್ ನಗರದ ಬಳಿ ಮೋಡದ ದೆಸೆಯಿಂದ ಬರಿಗೈಯಲ್ಲಿ ಮರಳಿದ್ದ ಅಮೆರಿಕದ ಕ್ಯಾಂಪ್‌ಬೆಲ್ 1922ರಲ್ಲಿ ಆಸ್ಟ್ರೇಲಿಯದ ವಾಲಾಲ್ ಎಂಬಲ್ಲಿ ಗ್ರಹಣವನ್ನು ಚಿತ್ರಿಸಿ, ಟ್ರಂಪ್ಲರರೊಡನೆ ಹಲವು ನಕ್ಷತ್ರಗಳನ್ನು ಅಳೆದು, 1.72 ಎಂಬ ಬೆಲೆಯನ್ನು ಪ್ರಕಟಿಸಿದ ಮೇಲೆಯೇ ಖಗೋಳಜ್ಞರ ವಿವಾದವು ಬಹುಮಟ್ಟಿಗೆ ಅಡಗಿತು.