ಕಿವಿಯೊಳಗಿನ ಪುಟ್ಟ ರೇಡಿಯೋ: ಗಲೇನಾ ಹರಳಿನಿಂದ ಇಯರ್‌ಬಡ್‌ವರೆಗೆ

ಬೀಳಗಿ ತಾಲ್ಲೂಕಿನ ಬಾಡಗಂಡಿಯಿರಲಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಿರಲಿ, ಬೆಳಗಿನ ಹೊತ್ತು ರಸ್ತೆಯಲ್ಲಿ ಓಡುವವರ, ಸೈಕಲ್ ತುಳಿಯುವವರ ಕಿವಿಯನ್ನು ಗಮನಿಸಿ. ಹಲವರ ಕಿವಿಯಲ್ಲಿ ತಂತಿಯಿಲ್ಲದ ಪುಟ್ಟ ಗುಂಡಿಯೊಂದು ಕಾಣುತ್ತದೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ಇಯರ್‌ಬಡ್‌ನ ತೂಕ ಸುಮಾರು 4 ಗ್ರಾಂ. ಅದರೊಳಗೆ ಒಂದು ರೇಡಿಯೋ, ಒಂದು ಗಣಕ, ಒಂದು ಧ್ವನಿವರ್ಧಕ, ಒಂದು ಮೈಕ್ರೊಫೋನ್, ಒಂದು ವಿದ್ಯುತ್‌ಕೋಶ ಎಲ್ಲವೂ ಇವೆ! ಇಷ್ಟು ಅಗ್ಗದಲ್ಲಿ ಇಷ್ಟೆಲ್ಲ ಸಿಗುವಾಗ ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು? ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಯಾವುದನ್ನು ನಂಬಬೇಕು? ಈ ಪ್ರಶ್ನೆಗಳಿಗೆ ಉತ್ತರ ಈ ಸಾಧನದ ಇತಿಹಾಸದಲ್ಲೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ಕ್ಷೀಣ ಸಂಕೇತದ ಕಾಲ

1876ರಲ್ಲಿ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ. 1891ರಲ್ಲಿ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾಡಿಯೇ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಟೆಲಿಫೋನ್ ಗ್ರಾಹಕಕ್ಕೆ ಪೇಟೆಂಟ್ ಪಡೆದ. ಕಿವಿಗೆ ನೋವಾಗದಿರಲು ರಬ್ಬರ್ ಹೊದಿಕೆಯನ್ನೂ ಸೂಚಿಸಿದ್ದ. ಎಂದರೆ ಇಂದಿನ ಇಯರ್‌ಬಡ್‌ನ ಕಲ್ಪನೆಗೆ 130 ವರ್ಷ ಮೀರಿದ ವಯಸ್ಸು!

ರೇಡಿಯೋದ ಆರಂಭದಲ್ಲಿ ನಮ್ಮ ದೇಶದ ಕೊಡುಗೆಯೂ ಇದೆ. ಜಗದೀಶಚಂದ್ರ ಬೋಸ್ ಅವರ ಗಲೇನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಗಲೇನಾ ಎಂದರೆ ಸೀಸದ ಸಲ್ಫೈಡ್ ಅದಿರು. ಅದರ ಮೇಲೆ ಲೋಹದ ಮೊನೆ ಒತ್ತಿದರೆ ವಿದ್ಯುತ್ ಒಂದು ದಿಕ್ಕಿನಲ್ಲಿ ಸುಲಭವಾಗಿ ಹರಿಯುತ್ತದೆ. ಇದನ್ನೇ ಬಳಸಿ ಹರಳು ರೇಡಿಯೋಗಳು ಬಂದವು. ಅವುಗಳಿಗೆ ಬ್ಯಾಟರಿ ಬೇಡ. ಆಂಟೆನಾ ಹಿಡಿದ ಅಲೆಯ ಶಕ್ತಿಯೇ ಸದ್ದಾಗಬೇಕು. ಅಷ್ಟು ಅಲ್ಪ ಶಕ್ತಿಗೆ ಕೋಣೆಯನ್ನು ತುಂಬುವ ಸಾಮರ್ಥ್ಯವಿಲ್ಲ. ಆದ್ದರಿಂದ ಕಿವಿಗೆ ಒತ್ತಿಕೊಂಡೇ ಕೇಳಬೇಕಿತ್ತು. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ಅಲ್ಲಿನ ನೌಕಾಪಡೆಗೆ ಕಳಿಸಿದ ಹೆಡ್‌ಫೋನ್ ಹೆಸರಾದದ್ದು ಇಂಥ ಕ್ಷೀಣ ಸಂಕೇತವನ್ನೂ ಕೇಳಿಸುವ ಸೂಕ್ಷ್ಮತೆಯಿಂದ.

ಒಂದು ವಿಷಯವನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಹರಳು ರೇಡಿಯೋ ಕೇಳುವವನ ಕಿವಿಗೆ ಅಪಾಯವಿರಲಿಲ್ಲ. ಸದ್ದನ್ನು ಹೆಚ್ಚಿಸಲು ದಾರಿಯೇ ಇರಲಿಲ್ಲವಲ್ಲ!

ಕರ್ನಾಟಕದಲ್ಲಿ ಪ್ರಸಾರ ಆರಂಭವಾದದ್ದು 1935ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಉತ್ತರ ಕರ್ನಾಟಕಕ್ಕೆ ಧಾರವಾಡ ಕೇಂದ್ರ 1950ರ ಜನವರಿ 8ರಂದು ಬಂತು. ಮುಂದೆ ಟ್ರಾನ್ಸಿಸ್ಟರ್ ರೇಡಿಯೋ ಹೊಲಕ್ಕೂ ಹೋಯಿತು. ಅದರ ಜೊತೆ ಒಂದೇ ಕಿವಿಗೆ ಸಿಕ್ಕಿಸುವ ಪುಟ್ಟ ಇಯರ್‌ಫೋನ್ ಬರುತ್ತಿತ್ತು. ಪಕ್ಕದವರಿಗೆ ತಿಳಿಯದಂತೆ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಲು ಅದು ನೆರವಾದದ್ದನ್ನು ಹಿರಿಯ ಶಿಕ್ಷಕರು ಮರೆತಿರಲಾರರು.

ತೂಕ ಇಳಿದ ಬಗೆ

ಸದ್ದು ಹುಟ್ಟುವುದು ಹೇಗೆ? ಆಯಸ್ಕಾಂತದ ಕ್ಷೇತ್ರದಲ್ಲಿ ತಂತಿಯ ಸುರುಳಿ ಇದೆ. ಸುರುಳಿಯಲ್ಲಿ ವಿದ್ಯುತ್ ಏರಿಳಿದಂತೆ ಅದಕ್ಕೆ ಅಂಟಿದ ಪೊರೆ ಅದುರುತ್ತದೆ. ಆಯಸ್ಕಾಂತ ಪ್ರಬಲವಾದಷ್ಟೂ ಉಪಕರಣ ಚಿಕ್ಕದಾಗಬಹುದು. 1979ರ ಜುಲೈಯಲ್ಲಿ ಸೋನಿ ಸಂಸ್ಥೆ ವಾಕ್‌ಮನ್ ಮಾರಾಟಕ್ಕೆ ತಂದಾಗ ಅದರ ಹೆಡ್‌ಫೋನ್ ಸುಮಾರು 50 ಗ್ರಾಂ ತೂಗುತ್ತಿತ್ತು. ಸಮೇರಿಯಂ-ಕೋಬಾಲ್ಟ್ ಆಯಸ್ಕಾಂತ ಇದಕ್ಕೆ ನೆರವಾಯಿತು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಸಾಟೊ ಸಗಾವ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ರೂಪಿಸಿದ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಆಯಸ್ಕಾಂತ ಇನ್ನೂ ಪ್ರಬಲ. ಇಂದಿನ ಇಯರ್‌ಬಡ್‌ನಲ್ಲಿರುವುದು ಅದೇ.

ಓಡುತ್ತ, ವ್ಯಾಯಾಮ ಮಾಡುತ್ತ ಸಂಗೀತ ಕೇಳುವ ರೂಢಿ ಹರಡಿದ್ದು ವಾಕ್‌ಮನ್‌ನಿಂದ. ಗಂಟೆಗಟ್ಟಲೆ ಜೋರಾಗಿ ಕೇಳುವ ರೂಢಿಯೂ ಅದರ ಹಿಂದೆಯೇ ಬಂತು.

ತಂತಿ ಕಳಚಿದ ಬಗೆ

1994ರಲ್ಲಿ ಸ್ವೀಡನ್ನಿನ ಲುಂಡ್ ನಗರದ ಎರಿಕ್‌ಸನ್ ಪ್ರಯೋಗಾಲಯದಲ್ಲಿ ಯಾಪ್ ಹಾರ್ಟ್‌ಸನ್ ಮತ್ತು ಸಂಗಡಿಗರು ಅಲ್ಪ ದೂರದ, ಅಲ್ಪ ಶಕ್ತಿಯ ರೇಡಿಯೋ ಸಂಪರ್ಕವನ್ನು ರೂಪಿಸತೊಡಗಿದರು. 1998ರಲ್ಲಿ ಎರಿಕ್‌ಸನ್, ನೋಕಿಯ, ಐಬಿಎಂ, ಇಂಟೆಲ್, ತೋಷಿಬಾ ಸೇರಿ ಕೂಟ ಕಟ್ಟಿದವು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರನ್ನು ತಂತ್ರಕ್ಕೆ ಇಟ್ಟರು.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ವೈ-ಫೈ, ಮೈಕ್ರೋವೇವ್ ಒಲೆಗಳದ್ದೂ ಅದೇ ಪಟ್ಟಿ. ಈ ಸಂತೆಯ ಗದ್ದಲದಲ್ಲಿ ಮಾತು ಕೇಳಿಸುವುದು ಹೇಗೆ? ಮೂಲ ಬ್ಲೂಟೂತ್ 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತದೆ. ಒಂದು ವಾಹಿನಿಯಲ್ಲಿ ಅಡ್ಡಿಯಾದರೆ ಮುಂದಿನದರಲ್ಲಿ ಸಂದೇಶ ದಾಟುತ್ತದೆ. ಇಂಥ ಜಿಗಿತದ ಉಪಾಯಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಪೇಟೆಂಟ್ ಪಡೆದಿದ್ದರು. ಭಾರತದಲ್ಲಿ ಈ ಪಟ್ಟಿಯ ಅಲ್ಪಶಕ್ತಿ ಸಾಧನಗಳಿಗೆ ಪರವಾನಗಿ ಬೇಡವೆಂದು ಕೇಂದ್ರ ಸರ್ಕಾರ 2005ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅಂಗಡಿಯಿಂದ ತಂದ ಇಯರ್‌ಬಡ್‌ಗೆ ನಾವು ಪರವಾನಗಿ ಪಡೆಯಬೇಕಾಗಿಲ್ಲದಿರುವುದು ಇದರಿಂದಲೇ.

ಎರಡು ಕಿವಿಗಳ ನಡುವಿನ ತಂತಿಯನ್ನೂ ಕಳಚುವುದು ಇನ್ನೂ ಕಷ್ಟದ ಕೆಲಸ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂ.ಮೀ. ನೀರಿನಂಶ ತುಂಬಿದ ನಮ್ಮ ತಲೆ ಅದನ್ನು ಹೀರಿಕೊಳ್ಳುತ್ತದೆ. ಫೋನ್ ಬಲ ಜೇಬಿನಲ್ಲಿದ್ದರೆ ಎಡ ಕಿವಿಯ ಬಡ್‌ಗೆ ದೇಹವೇ ಗೋಡೆ. 2015-16ರ ಹೊತ್ತಿಗೆ ಈ ಸಮಸ್ಯೆಗೆ ಬೇರೆ ಬೇರೆ ಪರಿಹಾರಗಳೊಡನೆ ಪೂರ್ಣ ನಿಸ್ತಂತು ಬಡ್‌ಗಳು ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಆಪಲ್ ಪ್ರಕಟಿಸಿದ ಏರ್‌ಪಾಡ್ಸ್‌ಗೆ ಭಾರತದಲ್ಲಿ 15,400 ರೂಪಾಯಿ ಬೆಲೆಯಿತ್ತು. ಮುಂದೆ ಎಲ್ಲ ಕೆಲಸವನ್ನೂ ಒಂದೇ ಚಿಪ್‌ಗೆ ತುಂಬಿದ್ದರಿಂದ, ಚೀನಾದ ಕಾರ್ಖಾನೆಗಳು ಅಪಾರ ಸಂಖ್ಯೆಯಲ್ಲಿ ತಯಾರಿಸಿದ್ದರಿಂದ ಬೆಲೆ ಕುಸಿಯಿತು. ಬೋಟ್, ನಾಯ್ಸ್ ಮುಂತಾದ ಭಾರತೀಯ ಹೆಸರುಗಳು ಹಳ್ಳಿಯ ಅಂಗಡಿಗೂ ಬಂದವು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಈಗ ಪರೀಕ್ಷೆಗೆ ಬರೋಣ. ಮೊದಲನೆಯದು ಬೆವರು ಮತ್ತು ಧೂಳು. ‘ಐಪಿಎಕ್ಸ್4’ ಎಂದು ಬರೆದಿರುತ್ತಾರೆ. ಇದು ಅಂತರರಾಷ್ಟ್ರೀಯ ಮಾನಕ 60529ರ ಸಂಕೇತ. ಮೊದಲ ಸ್ಥಾನ ಧೂಳಿನದು, ಎರಡನೆಯದು ನೀರಿನದು. ನೀರಿನ 4 ಎಂದರೆ ಎಲ್ಲ ದಿಕ್ಕಿನ ಎರಚಲಿಗೆ ತಡೆ, 5 ಎಂದರೆ ನಳಿಗೆಯಿಂದ ಚಿಮ್ಮುವ ನೀರಿಗೆ ತಡೆ, 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ‘ಎಕ್ಸ್’ ಎಂದರೇನು? ಧೂಳಿನ ಮಟ್ಟವನ್ನು ಹೇಳಿಲ್ಲ ಎಂದರ್ಥ! ಬೇಸಿಗೆಯಲ್ಲಿ ಎರೆಮಣ್ಣಿನ ಧೂಳೆದ್ದ ದಾರಿಯಲ್ಲಿ ಓಡುವವರು ‘ಐಪಿ55’ರಂತೆ ಎರಡೂ ಅಂಕಿಗಳಿರುವುದನ್ನು ಆರಿಸುವುದು ಮೇಲು. ಇನ್ನೊಂದು ಮಾತು: ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ, ಅದು ಲೋಹವನ್ನು ತಿನ್ನುತ್ತದೆ. ವ್ಯಾಯಾಮದ ನಂತರ ಒಣ ಬಟ್ಟೆಯಿಂದ ಒರೆಸಿಯೇ ಪೆಟ್ಟಿಗೆಗೆ ಹಾಕಬೇಕು.

ಎರಡನೆಯದು ಬ್ಯಾಟರಿ. ‘40 ಗಂಟೆ’ ಎಂಬುದು ಸಾಮಾನ್ಯವಾಗಿ ಪೆಟ್ಟಿಗೆಯ ವಿದ್ಯುತ್ತೂ ಸೇರಿದ ಲೆಕ್ಕ. ತರಗತಿಯಲ್ಲಿ ಈ ಲೆಕ್ಕ ಮಾಡಿಸಿ. ಬಡ್‌ನ ಕೋಶ 40 ಮಿಲಿಆಂಪಿಯರ್-ಗಂಟೆ, ಬಳಕೆ 8 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಒಮ್ಮೆಗೆ ಸಿಗುವುದು 5 ಗಂಟೆ. ಪೆಟ್ಟಿಗೆಯ ಕೋಶ 400 ಇದ್ದು ಶೇ. 80ರಷ್ಟು ಮಾತ್ರ ವರ್ಗವಾದರೆ 320. ಒಂದು ಜೊತೆಗೆ 80 ಬೇಕಾದ್ದರಿಂದ 4 ಬಾರಿ ತುಂಬಬಹುದು. ಒಟ್ಟು 25 ಗಂಟೆ. ಸದ್ದು ಹೆಚ್ಚಿಸಿದರೆ ಇದೂ ಇಳಿಯುತ್ತದೆ. ಲಿಥಿಯಂ-ಅಯಾನ್ ಕೋಶ ಕೆಲವು ನೂರು ಆವರ್ತಗಳ ನಂತರ ಸೊರಗುತ್ತದೆ. ಅಗ್ಗದ ಬಡ್‌ಗಳಲ್ಲಿ ಅದನ್ನು ಬದಲಿಸುವುದು ದುಸ್ತರ. ‘ಒಟ್ಟು ಗಂಟೆ’ಗಿಂತ ‘ಒಮ್ಮೆಗೆ ಎಷ್ಟು ಗಂಟೆ’ ಎಂಬುದನ್ನು ಕೇಳಿ.

ಮೂರನೆಯದು ಸದ್ದಿನ ನಿವಾರಣೆ. ‘ಎಎನ್‌ಸಿ’ ಮತ್ತು ‘ಇಎನ್‌ಸಿ’ ಒಂದೇ ಅಲ್ಲ. ಹೊರಗಿನ ಸದ್ದಿಗೆ ವಿರುದ್ಧ ಹಂತದ ಅಲೆಯನ್ನು ಕಿವಿಗೆ ಕೊಟ್ಟು ಅದನ್ನು ಅಳಿಸುವುದು ಎಎನ್‌ಸಿ. ಜರ್ಮನಿಯ ಪಾಲ್ ಲ್ಯೂಗ್‌ಗೆ 1936ರಲ್ಲಿ ಈ ತತ್ವಕ್ಕೆ ಪೇಟೆಂಟ್ ದೊರೆಯಿತು. ಇಎನ್‌ಸಿ ಎಂಬುದು ಕರೆಯ ವೇಳೆ ನಿಮ್ಮ ಮಾತಿನೊಡನೆ ಸೇರುವ ಗದ್ದಲವನ್ನು ಸೋಸುತ್ತದೆ. ಅದರ ಲಾಭ ಆ ಕಡೆಯವರಿಗೆ, ನಿಮ್ಮ ಕಿವಿಗಲ್ಲ.

ನಾಲ್ಕನೆಯದು ಕಿವಿಗೆ ಕೂರುವ ಬಗೆ. ಬಡ್ ಹಾಕಿ ಇಪ್ಪತ್ತು ಬಾರಿ ಜಿಗಿಯಿರಿ, ತಲೆ ಅಲ್ಲಾಡಿಸಿ, ಏನಾದರೂ ಜಗಿಯಿರಿ. ಜಾರಿದರೆ ರಬ್ಬರ್ ತುದಿಯ ಅಳತೆ ಬದಲಿಸಿ. ತುದಿ ಸರಿಯಾಗಿ ಮುಚ್ಚದಿದ್ದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ. ಆಗ ನಾವು ಬಡ್ಡನ್ನು ದೂರುತ್ತ ಸದ್ದು ಏರಿಸುತ್ತೇವೆ. ವಿಳಂಬ ತಿಳಿಯಲು ಯಾರಾದರೂ ಚಪ್ಪಾಳೆ ತಟ್ಟುವ ವಿಡಿಯೋ ನೋಡಿ. ಕೈ ಕೂಡುವುದಕ್ಕೂ ಸದ್ದು ಕೇಳುವುದಕ್ಕೂ ಅಂತರ ಕಂಡರೆ ಆಟಗಳಿಗೆ ಅದು ಒಗ್ಗದು, ಹಾಡಿಗೆ ತೊಂದರೆಯಿಲ್ಲ. ಫೋನನ್ನು ಎಡ ಜೇಬು, ಬಲ ಜೇಬು ಎರಡರಲ್ಲೂ ಇಟ್ಟು ಬಯಲಿನಲ್ಲಿ ನಡೆದು ಸಂಪರ್ಕ ಕಡಿಯುತ್ತದೆಯೇ ಗಮನಿಸಿ.

ಬದಲಿ ಸಿಗದ ಭಾಗ

ನೂರು ವರ್ಷಗಳಲ್ಲಿ ಆಯಸ್ಕಾಂತ ಬದಲಾಯಿತು, ತಂತಿ ಹೋಯಿತು, ಬೆಲೆ ಇಳಿಯಿತು. ಬದಲಾಗದೆ ಉಳಿದದ್ದು ನಮ್ಮ ಕಿವಿ. ಒಳಗಿವಿಯ ಶಂಖದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಹರಳು ರೇಡಿಯೋದ ಬಡತನವೇ ಅಂದು ಕಿವಿಯನ್ನು ಕಾಯುತ್ತಿತ್ತು. ಇಂದು ಆ ಕಾವಲನ್ನು ನಾವೇ ಮಾಡಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನಕದಂತೆ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಸಲ್ಲುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಇಮ್ಮಡಿಯಾಗುವುದರಿಂದ ಕಾಲ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. 95ಕ್ಕೆ ವಾರವಿಡೀ ಸೇರಿ ಒಂದೂಕಾಲು ಗಂಟೆ ಮಾತ್ರ.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ಕೆಲಸ ಮಾಡುವವರನ್ನು ನೆನೆಯಿರಿ. ಮಗ್ಗದ ಮನೆಗಳಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಆ ಸದ್ದನ್ನು ಮೀರಿ ಹಾಡು ಕೇಳಬೇಕಾದರೆ ಹಾಡು ಇನ್ನೂ ಜೋರಾಗಬೇಕು. ಕಿವಿಗೆ ಎರಡು ಪೆಟ್ಟು! ಅಲ್ಲಿ ಬೇಕಾದದ್ದು ಕಿವಿರಕ್ಷಕ, ಇಯರ್‌ಬಡ್ ಅಲ್ಲ. ಸೈಕಲ್ ಸವಾರರ ಕಷ್ಟ ಇದಕ್ಕೆ ತಿರುಗುಮುರುಗು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯಲ್ಲಿ ಹಿಂದಿನ ಸದ್ದು ಕೇಳಿಸಲೇಬೇಕು. ಕಿವಿಯನ್ನು ಚೆನ್ನಾಗಿ ಮುಚ್ಚುವ ಬಡ್ ಮನೆಯಲ್ಲಿ ಉತ್ತಮ, ರಸ್ತೆಯಲ್ಲಿ ಅಪಾಯ. ವಾಹನ ಓಡಾಡುವಲ್ಲಿ ಎರಡೂ ಬಡ್‌ಗಳು ಪೆಟ್ಟಿಗೆಯಲ್ಲಿರಲಿ. ಹಾಡು ಮೈದಾನದ ಓಟಕ್ಕೆ, ಮನೆಯ ವ್ಯಾಯಾಮಕ್ಕೆ ಸಾಕು.

ಶಿಕ್ಷಕರು ಈ ಪರೀಕ್ಷೆಗಳನ್ನು ತರಗತಿಯ ಚಟುವಟಿಕೆಯಾಗಿ ಮಾಡಿಸಬಹುದು. ವಿದ್ಯಾರ್ಥಿಗಳು ತಮ್ಮ ಫೋನಿನ ಸೆಟ್ಟಿಂಗ್‌ಗಳಲ್ಲಿ ಗರಿಷ್ಠ ಸದ್ದಿನ ಮಿತಿ ಇದೆಯೇ ನೋಡಿ, ಇದ್ದರೆ ಇಂದೇ ನಿಗದಿಪಡಿಸಿಕೊಳ್ಳಲಿ. ಬಳಿಕ ಒಂದು ವಾರ ತಾವು ಎಷ್ಟು ಗಂಟೆ ಕೇಳಿದೆವು ಎಂದು ಬರೆದಿಟ್ಟು ಮೇಲಿನ ಲೆಕ್ಕದೊಡನೆ ಹೋಲಿಸಲಿ. ಬಡ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಕಿವಿ ಕೆಟ್ಟರೆ ಅದರ ಬದಲಿ ಯಾವ ಅಂಗಡಿಯಲ್ಲೂ ಇಲ್ಲ.