ಕಿಡಿಯೂ ಕಾವೂ

ಅಂಗೈಯಲ್ಲಿ ಅಡಗಿಹೋಗುವಷ್ಟು ಚಿಕ್ಕ ವಸ್ತುವೊಂದರ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಪೆಟ್ರೋಲ್ ಎಂಜಿನ್ನಿನ ತಲೆಯ ಮೇಲೆ ತಿರುಪಿ ಕೂರಿಸುವ ಸ್ಪಾರ್ಕ್ ಪ್ಲಗ್ಗೇ ಆ ವಸ್ತು. ಅರಮನೆ, ಯುದ್ಧ, ಶಾಸನಗಳ ಚರಿತ್ರೆಯನ್ನು ಕೇಳಿ ಪಳಗಿದ ಕಿವಿಗೆ ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ದಿನಬಾಡಿಗೆಗೆ ಆಟೋರಿಕ್ಷಾ ಹಿಡಿದು ಸಂಸಾರ ಸಾಗಿಸಿದವರಿಗೆ ಅದು ಅಲ್ಪವಾಗಿರಲಿಲ್ಲ. ಸರಿಯಾದ ಪ್ಲಗ್ಗು ಇದ್ದರೆ ಗಾಡಿ ಓಡುತ್ತಿತ್ತು. ತಪ್ಪಿದರೆ ಗಾಡಿ ನಿಲ್ಲುತ್ತಿತ್ತು, ಬಾಡಿಗೆ ನಿಲ್ಲುತ್ತಿರಲಿಲ್ಲ.

ಒಳ್ಳೆಯ ಪ್ಲಗ್ಗೆಂದರೆ ಬಲವಾದ ಕಿಡಿಯನ್ನು ಕೊಡುವ ಪ್ಲಗ್ಗು ಎಂಬುದು ಸಾಮಾನ್ಯವಾದ ನಂಬಿಕೆ. ಇದು ಅರ್ಧ ಸತ್ಯ. ಕಿಡಿಯನ್ನು ಹುಟ್ಟಿಸುವ ವಿದ್ಯುತ್ತು ಬೇರೆಡೆಯಿಂದ ಬರುತ್ತದೆ. ಪ್ಲಗ್ಗು ಅದಕ್ಕೆ ಹಾದಿ ಮಾತ್ರ. ಪ್ಲಗ್ಗನ್ನು ಆರಿಸುವವನು ನಿಜವಾಗಿ ಆರಿಸುವುದು ಕಿಡಿಯನ್ನಲ್ಲ, ಕಾವನ್ನು. ಈ ವಿವೇಕ ಜಗತ್ತಿಗೆ ಬರಲು ಸುಮಾರು ಎಪ್ಪತ್ತು ವರ್ಷಗಳು ಬೇಕಾದವು.

ಬೆಲ್ಜಿಯಂ ಮೂಲದವನಾಗಿ ಪ್ಯಾರಿಸ್ಸಿನಲ್ಲಿ ನೆಲಸಿದ್ದ ಎತಿಯೆನ್ ಲೆನ್ವಾರ್ 1860ರಲ್ಲಿ ಅನಿಲದಿಂದ ನಡೆಯುವ ತನ್ನ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನು ಬಳಸಿದನು. ಆದರೆ ವೇಗವಾಗಿ ತಿರುಗುವ ವಾಹನದ ಎಂಜಿನ್ನಿನಲ್ಲಿ ಪ್ರತಿ ಬಾರಿಯೂ ತಪ್ಪದೆ, ತಕ್ಕ ಗಳಿಗೆಯಲ್ಲಿ ಬೆಂಕಿ ಹೊತ್ತಿಸುವುದು ಅಂದಿನ ಶಿಲ್ಪಿಗಳೆಲ್ಲರಿಗೂ ಕಗ್ಗಂಟಾಗಿತ್ತು. ಮೋಟಾರು ವಾಹನದ ಜನಕರಲ್ಲೊಬ್ಬನಾದ ಕಾರ್ಲ್ ಬೆಂಜ್ ಕೂಡ ಇದನ್ನೇ ಎಲ್ಲಕ್ಕಿಂತ ದೊಡ್ಡ ತೊಡಕೆಂದು ಭಾವಿಸಿದ್ದನು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕಾರ್ಯಾಗಾರ ತೆರೆದಿದ್ದ ರಾಬರ್ಟ್ ಬಾಷ್ 1897ರಲ್ಲಿ ಮ್ಯಾಗ್ನೆಟೋ ಯಂತ್ರವನ್ನು ಮೂರು ಗಾಲಿಯ ಮೋಟಾರು ವಾಹನವೊಂದಕ್ಕೆ ಹೊಂದಿಸಿದನು. ಅವನ ಬಳಿಯಿದ್ದ ಗಾಟ್ಲೋಬ್ ಹೊನೊಲ್ಡ್ ಅದನ್ನು ಅಧಿಕ ಒತ್ತಡದ ವಿದ್ಯುತ್ತಿಗೆ ಮಾರ್ಪಡಿಸಿ ಅದರ ಜೊತೆಗೆ ಸ್ಪಾರ್ಕ್ ಪ್ಲಗ್ಗನ್ನು ಜೋಡಿಸಿದನು. ಇದು 1902ರ ಮಾತು.

ಆ ವರ್ಷ ಕನ್ನಡನಾಡಿನ ಮಟ್ಟಿಗೂ ನೆನಪಿಡತಕ್ಕದ್ದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿಯೇ. ಒಂದು ಕಡೆ ನೂರು ಮೈಲಿಗೆ ಹತ್ತಿರ ಹತ್ತಿರ ಹಾಯುವ ತಂತಿ, ಇನ್ನೊಂದು ಕಡೆ ಕೂದಲೆಳೆಯಂಥ ಸಂದಿನಲ್ಲಿ ಹಾರುವ ಕಿಡಿ. ಎರಡಕ್ಕೂ ಬೇಕಾದದ್ದು ಒಂದೇ: ವಿದ್ಯುತ್ತನ್ನು ಅಡ್ಡದಾರಿ ಹಿಡಿಯಗೊಡದ ಪಿಂಗಾಣಿ. ಮುಂದೆ ಮೈಸೂರು ಸಂಸ್ಥಾನದ ಸರ್ಕಾರವು ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಕಟ್ಟಿ, ವಿದ್ಯುತ್ ತಂತಿಗಳನ್ನು ಹೊರುವ ಇನ್ಸುಲೇಟರುಗಳನ್ನು ಇಲ್ಲಿಯೇ ಸುಡಿಸಿತು. ಆ ಕಾರ್ಖಾನೆ ಕಾಲಾಂತರದಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯ ಒಂದು ವಿಭಾಗವಾಯಿತು.

ಕಂಬದ ಮೇಲಿನ ಪಿಂಗಾಣಿಗಿಂತ ಪ್ಲಗ್ಗಿನ ಪಿಂಗಾಣಿಯ ಪಾಡು ಕಠಿಣ. ಅದರ ಒಂದು ತುದಿ ಹೊರಗಿನ ಗಾಳಿಯಲ್ಲಿದ್ದರೆ ಮತ್ತೊಂದು ತುದಿ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಉರಿಯೊಳಗಿರುತ್ತದೆ. ಮರುಗಳಿಗೆಗೆ ತಣ್ಣನೆಯ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಅದರ ಮೇಲೆ ನುಗ್ಗುತ್ತದೆ. ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಬಾರಿ ಈ ಉರಿ ಮತ್ತು ತಣಿವುಗಳ ಆಟ ನಡೆಯಬೇಕು. ಹತ್ತು ಸಾವಿರ ವೋಲ್ಟುಗಳಿಗೂ ಮಿಗಿಲಾದ ಒತ್ತಡವನ್ನು ಆ ಪಿಂಗಾಣಿ ಒಡೆಯದೆ, ಸೋರಗೊಡದೆ ತಡೆದುಕೊಳ್ಳಬೇಕು.

ಈ ಉರಿಯಲ್ಲಿ ಪ್ಲಗ್ಗಿನ ಮೂತಿ ಎಷ್ಟು ಕಾದಿರಬೇಕು? ಇಲ್ಲಿದೆ ಆಯ್ಕೆಯ ಮರ್ಮ. ಸುಮಾರು 450 ಡಿಗ್ರಿಗಿಂತ ಕಡಿಮೆ ಕಾವಿನಲ್ಲಿ ಮಸಿಯೂ ಎಣ್ಣೆಯೂ ಉರಿದುಹೋಗದೆ ಪಿಂಗಾಣಿಯ ಮೇಲೆ ಕಟ್ಟಿಕೊಳ್ಳುತ್ತವೆ. ವಿದ್ಯುತ್ತು ಸಂದನ್ನು ಹಾರುವುದನ್ನು ಬಿಟ್ಟು ಆ ಮಸಿಯ ಮೇಲೆಯೇ ಹರಿದುಹೋಗುತ್ತದೆ. ಸುಮಾರು 850 ಡಿಗ್ರಿಯನ್ನು ಮೀರಿದರೆ ಮೂತಿ ಕೆಂಡವಾಗಿ, ಕಿಡಿ ಬೀಳುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಆಗ ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರಿನಿಂದ ಏಟು ಬೀಳುತ್ತದೆ. ಅದು ಮುಂದುವರಿದರೆ ಅಲ್ಯೂಮಿನಿಯಂ ಪಿಸ್ಟನ್ನು ಕರಗಿ ತೂತಾಗುತ್ತದೆ. ಈ ಎರಡು ಎಲ್ಲೆಗಳ ನಡುವೆ ನಿಲ್ಲುವ ಪ್ಲಗ್ಗೇ ಆ ಎಂಜಿನ್ನಿಗೆ ಸರಿಯಾದ ಪ್ಲಗ್ಗು.

ಹೆಚ್ಚು ಕಾವೇರುವ, ಬಿರುಸಾಗಿ ದುಡಿಯುವ ಎಂಜಿನ್ನಿಗೆ ಕಾವನ್ನು ಬೇಗ ಬಿಟ್ಟುಕೊಡುವ ಪ್ಲಗ್ಗು ಬೇಕು. ಅದರ ಪಿಂಗಾಣಿಯ ಮೂತಿ ಗಿಡ್ಡ. ಒಳಗಿನ ಕಾವು ಲೋಹದ ಮೈಗೆ ಬೇಗ ಇಳಿದುಹೋಗುತ್ತದೆ. ಇದನ್ನು ತಣ್ಣನೆಯ ಪ್ಲಗ್ಗೆನ್ನುತ್ತಾರೆ. ನಿಧಾನವಾಗಿ ನಡೆಯುವ ಎಂಜಿನ್ನಿಗೆ ಕಾವನ್ನು ಹಿಡಿದಿಟ್ಟುಕೊಳ್ಳುವ ನೀಳ ಮೂತಿಯ ಪ್ಲಗ್ಗು; ಅದು ಬಿಸಿ ಪ್ಲಗ್ಗು. ಬಿಸಿ ಎಂಜಿನ್ನಿಗೆ ತಣ್ಣನೆಯದು, ತಣ್ಣನೆಯ ಎಂಜಿನ್ನಿಗೆ ಬಿಸಿಯದು. ನಮ್ಮ ಹಿರಿಯರ ಪಥ್ಯದ ತತ್ತ್ವಕ್ಕೂ ಇದಕ್ಕೂ ದೂರವೇನಿಲ್ಲ. ಈ ಗುಣವನ್ನು ಅಂಕಿಯಲ್ಲಿ ಅಳೆದು ಪ್ಲಗ್ಗಿನ ಮೈಮೇಲೆ ಬರೆಯುವ ಪದ್ಧತಿಯನ್ನು ಬಾಷ್ ಸಂಸ್ಥೆ 1927ರಲ್ಲಿ ಆರಂಭಿಸಿತು.

ಆ ಅಂಕಿಗಳು ಬೆಂಗಳೂರಿನಲ್ಲಿ ಮನೆಮಾತಾದುದು ಮೈಕೋ ಎಂಬ ಹೆಸರಿನೊಡನೆ. ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನಿನ ಇಂಧನ ಪಂಪುಗಳನ್ನೂ ತಯಾರಿಸಿತು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಅದುಮಿ ಅದರ ಕಾವಿನಿಂದಲೇ ಅದು ಇಂಧನವನ್ನು ಹೊತ್ತಿಸುತ್ತದೆ. ಕಿಡಿ ಬೇಕಾದ ಎಂಜಿನ್ನಿಗೂ ಬೇಡವಾದ ಎಂಜಿನ್ನಿಗೂ ಒಂದೇ ಆವರಣದಿಂದ ಸಾಮಗ್ರಿ ಹೊರಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಕೆಂಗೇರಿಯಾಚೆಯ ಬಿಡದಿಯಲ್ಲಿ ಅದರ ಹೊಸ ಕಾರ್ಖಾನೆ ಎದ್ದಿತು. ಹೆಸರು ಹೋದರೂ ಹಳಬರ ಬಾಯಲ್ಲಿ ಪ್ಲಗ್ಗೆಂದರೆ ಮೈಕೋ ಪ್ಲಗ್ಗು.

ಅತ್ತ ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪನಿಯು ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ದಿ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ಹೊರತಂದಿತು, 1996ರಲ್ಲಿ ಮುಚ್ಚಿತು. ಇವೂ, ಅಂದಿನ ಸ್ಕೂಟರು ಆಟೋರಿಕ್ಷಾಗಳೂ ಟೂ ಸ್ಟ್ರೋಕ್ ಎಂಜಿನ್ನಿನವು. ಪೆಟ್ರೋಲಿನೊಡನೆ ಎಣ್ಣೆಯನ್ನೂ ಅಳೆದು ಬೆರೆಸಬೇಕು. ಆ ಎಣ್ಣೆ ಪೆಟ್ರೋಲಿನ ಜೊತೆಗೇ ಉರಿಯಬೇಕು. ಆದ್ದರಿಂದ ಪ್ಲಗ್ಗಿಗೆ ಮಸಿ ಹಿಡಿಯುವುದು ಆ ಕಾಲದ ನಿತ್ಯದ ಗೋಳು. ಸೀಟಿನ ಕೆಳಗೊಂದು ಬದಲಿ ಪ್ಲಗ್ಗು, ಒಂದು ಸ್ಪಾನರು, ಒಂದು ಚೂರು ಉಪ್ಪು ಕಾಗದ ಇಲ್ಲದೆ ದೂರ ಹೊರಡುವವರು ವಿರಳ.

ಐವತ್ತರ ದಶಕದಿಂದ ಬೆಳೆದ ರಾಜಾಜಿನಗರದ ಕೈಗಾರಿಕಾ ಬಡಾವಣೆಯೂ, ಮಾಗಡಿ ರಸ್ತೆ ಕಾಮಾಕ್ಷಿಪಾಳ್ಯಗಳ ಸಣ್ಣ ಕಾರ್ಖಾನೆಗಳೂ ಊರಿನ ಪಶ್ಚಿಮ ಭಾಗಕ್ಕೆ ಲೋಹದ ಕೆಲಸ ಬಲ್ಲ ಜನರನ್ನು ತಂದವು. ರಸ್ತೆಬದಿಯ ಗ್ಯಾರೇಜುಗಳು ಇದೇ ನೆಲದಲ್ಲಿ ಬೇರುಬಿಟ್ಟವು. ಅಲ್ಲಿನ ಮೆಕ್ಯಾನಿಕ್ಕಿಗೆ ಉಷ್ಣದ ಅಂಕಿಯ ಶಾಸ್ತ್ರ ಗೊತ್ತಿರಬೇಕಾಗಿರಲಿಲ್ಲ. ಅವನು ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದು ಓದುತ್ತಿದ್ದನು. ಮೂತಿ ತಿಳಿಗಂದು ಬಣ್ಣಕ್ಕಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿ ಬರುತ್ತಿದೆ, ಇಲ್ಲವೆ ಪ್ಲಗ್ಗು ತೀರ ತಣ್ಣನೆಯದು. ಒದ್ದೆ ಕಪ್ಪಿದ್ದರೆ ಎಣ್ಣೆ ಹೆಚ್ಚಾಗಿದೆ. ಸುಣ್ಣದಂತೆ ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಅಪಾಯ: ಪ್ಲಗ್ಗು ಬಿಸಿಯಾದುದು, ಅಥವಾ ಎಂಜಿನ್ನು ಎಲ್ಲಿಂದಲೋ ಹೆಚ್ಚು ಗಾಳಿ ಕುಡಿಯುತ್ತಿದೆ. ವೈದ್ಯ ನಾಲಗೆಯನ್ನು ನೋಡಿ ಹೊಟ್ಟೆಯ ಸ್ಥಿತಿ ಹೇಳುವಂತೆ ಅವನು ಪ್ಲಗ್ಗಿನ ಮೂತಿಯನ್ನು ನೋಡಿ ಒಳಗಿನ ಉರಿಯ ಸ್ಥಿತಿ ಹೇಳುತ್ತಿದ್ದನು.

ಈ ಓದು ತಪ್ಪಿದಲ್ಲಿ ಏನಾಗುತ್ತಿತ್ತೆಂಬುದನ್ನು ಮೈಸೂರು ರಸ್ತೆಯೇ ಹೇಳಬಲ್ಲದು. ವಿಜಯನಗರದ ಓಣಿಗಳಲ್ಲಿ, ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವ ಗಾಡಿಗೆ ಮಸಿ ಹಿಡಿಯುತ್ತದೆ. ಎಣ್ಣೆಯ ಅಳತೆಯನ್ನೋ ಕಾರ್ಬ್ಯುರೇಟರನ್ನೋ ಸರಿಪಡಿಸುವ ಬದಲು ಒಂದು ಮಟ್ಟ ಬಿಸಿಯಾದ ಪ್ಲಗ್ಗನ್ನು ಹಾಕಿದರೆ ಗೋಳು ತಪ್ಪುತ್ತದೆ, ಗಾಡಿ ಚೆನ್ನಾಗಿಯೂ ಓಡುತ್ತದೆ. ಒಂದು ಭಾನುವಾರ ಅದೇ ಗಾಡಿಯಲ್ಲಿ ಇಬ್ಬರು ಕುಳಿತು ಕೆಂಗೇರಿಯನ್ನು ದಾಟಿ ರಾಮನಗರದ ಕಡೆಗೆ ಪೂರ್ತಿ ವೇಗದಲ್ಲಿ ಹೊರಟರೆ, ಊರೊಳಗೆ ಉಪಕಾರ ಮಾಡಿದ ಪ್ಲಗ್ಗೇ ಹೆದ್ದಾರಿಯಲ್ಲಿ ಕೆಂಡವಾಗುತ್ತದೆ. ಕೆಲವು ರೂಪಾಯಿಗಳ ಪ್ಲಗ್ಗಿನಿಂದ ಪಿಸ್ಟನ್ನೂ ಸಿಲಿಂಡರೂ ಹಾಳಾಗುವುದು ಹೀಗೆ. ದಿನಗೂಲಿಯ ಲೆಕ್ಕದಲ್ಲಿ ಅದು ಹಲವು ದಿನಗಳ ಅನ್ನ. ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದುದರ ಫಲ ಅದು.

ತಪ್ಪಿಗೆ ಅಂಕಿಗಳೂ ತಮ್ಮ ಪಾಲಿನ ಸಹಾಯ ಮಾಡಿದವು. ಬಾಷ್ ಮತ್ತು ಮೈಕೋಗಳ ಹಳೆಯ ಪದ್ಧತಿಯಲ್ಲಿ 175, 225 ಮುಂತಾದ ಸಂಖ್ಯೆಗಳಿದ್ದವು. ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ತಣ್ಣನೆಯದು. ಬಾಷ್ ತಂದ ಹೊಸ ಪದ್ಧತಿಯಲ್ಲಿ ಒಂದೆರಡು ಅಂಕೆಗಳ ಸಣ್ಣ ಸಂಖ್ಯೆಗಳು ಬಂದವು. ಅಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ಬಿಸಿಯದು. ಅಮೆರಿಕದ ಚಾಂಪಿಯನ್ ಪ್ಲಗ್ಗಿನಲ್ಲಿಯೂ ಏರುವ ಸಂಖ್ಯೆ ಬಿಸಿಯನ್ನು ಸೂಚಿಸಿದರೆ, ಜಪಾನಿನ ಎನ್.ಜಿ.ಕೆ. ಪ್ಲಗ್ಗಿನಲ್ಲಿ ತಣಿವನ್ನು ಸೂಚಿಸುತ್ತದೆ. ಹೀಗಾಗಿ ಒಂದು ಕಂಪನಿಯ 7ಕ್ಕೆ ಇನ್ನೊಂದು ಕಂಪನಿಯ 7 ಸಾಟಿಯೆಂದು ಭಾವಿಸಿದವನು ಮೋಸಹೋಗುತ್ತಾನೆ. ಹೋಲಿಕೆಯ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು. ತಿರುಪಿನ ಉದ್ದವನ್ನೂ ಗಮನಿಸಬೇಕು. 14 ಮಿಲಿಮೀಟರ್ ಅಡ್ಡಳತೆಯ ತಿರುಪಿನಲ್ಲಿಯೇ 12.7 ಮಿಲಿಮೀಟರ್ ಉದ್ದದವೂ 19 ಮಿಲಿಮೀಟರ್ ಉದ್ದದವೂ ಇವೆ. ಗಿಡ್ಡದರ ಜಾಗದಲ್ಲಿ ಉದ್ದದ್ದನ್ನು ಕೂರಿಸಿದರೆ ಅದು ಪಿಸ್ಟನ್ನಿಗೆ ತಗಲಬಹುದು. ಉದ್ದದ್ದರ ಜಾಗದಲ್ಲಿ ಗಿಡ್ಡದ್ದನ್ನು ಕೂರಿಸಿದರೆ ಖಾಲಿ ಉಳಿದ ತಿರುಪುಗಳಲ್ಲಿ ಮಸಿ ತುಂಬುತ್ತದೆ.

ಪ್ಲಗ್ಗಿನ ಹೆಸರಿನ ನಡುವೆ ಹಲವೊಮ್ಮೆ ಆರ್ ಎಂಬ ಅಕ್ಷರ ಕಾಣುತ್ತದೆ. ಅದಕ್ಕೂ ರೇಡಿಯೋ ಕೇಳುಗರಿಗೂ ಸಂಬಂಧವುಂಟು. ಹಾರುವ ಪ್ರತಿ ಕಿಡಿಯೂ ಒಂದು ಚಿಕ್ಕ ರೇಡಿಯೋ ಅಲೆಯನ್ನು ಹೊರಡಿಸುತ್ತದೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ ಬೆಳೆದು ಮನೆಮನೆಯ ಮಾತಾದ ಕಾಲದಲ್ಲಿ, ಬೀದಿಯಲ್ಲೊಂದು ಸ್ಕೂಟರು ಹಾದರೆ ಒಳಗೆ ಸಂಗೀತದ ಮೇಲೆ ಪಟಪಟನೆ ಸದ್ದು ಬೀಳುತ್ತಿತ್ತು. ಪ್ಲಗ್ಗಿನೊಳಗೇ ಒಂದು ವಿದ್ಯುತ್ ತಡೆಯನ್ನಿಟ್ಟು ಈ ಉಪದ್ರವವನ್ನು ಅಡಗಿಸಿದರು. ಆರ್ ಅದರ ಗುರುತು. ಎಂಜಿನ್ನನ್ನೇ ಪುಟ್ಟ ಕಂಪ್ಯೂಟರೊಂದು ನಡೆಸುವ ವಾಹನಗಳಲ್ಲಿ ಆ ಅಕ್ಷರವನ್ನು ಕಡೆಗಣಿಸುವಂತಿಲ್ಲ. ಅಂದು ಕೆಡುತ್ತಿದ್ದುದು ಹಾಡು. ಇಂದು ಕೆಡುವುದು ಲೆಕ್ಕ.

ಕಾಲ ಬದಲಾಯಿತು. ಪ್ಲಗ್ಗಿನ ಮೇಲೆ ತನ್ನ ಪದರವನ್ನು ಬಿಡುತ್ತಿದ್ದ ಸೀಸ ಬೆರೆತ ಪೆಟ್ರೋಲು 2000ದ ಫೆಬ್ರವರಿಯಿಂದ ದೇಶದಲ್ಲಿ ನಿಂತಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಆಟೋರಿಕ್ಷಾಗಳು ಅನಿಲ ಇಂಧನಕ್ಕೆ ತಿರುಗಿದವು. ಅನಿಲದಲ್ಲಿ ಕಿಡಿ ಹಾರಿಸಲು ಹೆಚ್ಚಿನ ಒತ್ತಡ ಬೇಕಾದ್ದರಿಂದ ಪ್ಲಗ್ಗಿನ ಸಂದನ್ನು ಅಲ್ಲಿ ಇನ್ನಷ್ಟು ಎಚ್ಚರದಿಂದ ನೋಡಬೇಕಾಯಿತು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. ಆರು ನಿಯಮಗಳ ತರುವಾಯ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರಿನ ಜಾಗವನ್ನು ಇಂಧನ ಚಿಮ್ಮುಕ ಹಿಡಿಯಿತು. 2400 ಡಿಗ್ರಿಗೂ ಮೇಲೆ ಕರಗುವ ಇರಿಡಿಯಂ ಲೋಹದ ಸೂಜಿಮೊನೆಯ ಪ್ಲಗ್ಗುಗಳು ಬಂದಿವೆ. ಅವು ಬಹುಕಾಲ ಸವೆಯದೆ ಬಾಳುತ್ತವೆ. ಆದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಕಾವಿನ ಅಂಕಿ ಹೊಂದದ ಇರಿಡಿಯಂ ಪ್ಲಗ್ಗು ಎಂಜಿನ್ನಿಗೆ ಒಗ್ಗುವುದಿಲ್ಲ. 1927ರ ತತ್ತ್ವ ಇಲ್ಲಿ ಒಂದಿಷ್ಟೂ ಸಡಿಲವಾಗಿಲ್ಲ.

ವಿದ್ಯುತ್ ವಾಹನಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಮುಂದಿನ ತಲೆಮಾರಿಗೆ ಪ್ಲಗ್ಗೇ ಬೇಡವಾಗಬಹುದು. ಹೊಗೆ ಕಡಿಮೆಯಾಗುವುದಾದರೆ ಆ ದಿನ ಬರಲಿ. ಟೂ ಸ್ಟ್ರೋಕ್ ಆಟೋಗಳ ನೀಲಿ ಹೊಗೆಯನ್ನು ಕುಡಿದ ಚಾಲಕರೂ ಮೆಕ್ಯಾನಿಕ್ಕುಗಳೂ ಅದಕ್ಕಾಗಿ ಹಂಬಲಿಸಲಾರರು. ಕಾಪಾಡಿಕೊಳ್ಳಬೇಕಾದದ್ದು ಇನ್ನೊಂದಿದೆ. ಪದವಿಯಿಲ್ಲದ ಸಾಮಾನ್ಯ ಮನುಷ್ಯನೂ ಯಂತ್ರದ ಒಂದು ಭಾಗವನ್ನು ಕೈಯಲ್ಲಿ ಹಿಡಿದು, ಬಣ್ಣವನ್ನು ನೋಡಿ, ಕಾರಣವನ್ನು ಊಹಿಸಿ, ಮದ್ದನ್ನು ನಿರ್ಧರಿಸುವ ಸ್ವಾತಂತ್ರ್ಯವನ್ನು ಆ ಚಿಕ್ಕ ವಸ್ತು ಅರ್ಧ ಶತಮಾನ ಕಾಲ ನಮಗೆ ಕೊಟ್ಟಿತ್ತು. ಬೀಗಮುದ್ರೆಯೊಳಗಿನ ಯಂತ್ರಗಳ ಮುಂದೆ ನಾವು ಬರಿಯ ಗಿರಾಕಿಗಳಾಗಿ ನಿಲ್ಲುತ್ತಿರುವಾಗ ಆ ವಿದ್ಯೆಯ ಬೆಲೆ ತಿಳಿಯುತ್ತದೆ.

ಆದ್ದರಿಂದ ಪೆಟ್ರೋಲ್ ವಾಹನ ಉಳ್ಳವರು ಪ್ಲಗ್ಗನ್ನು ಕೊಳ್ಳುವಾಗ ತಯಾರಕರ ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆಯನ್ನು ಮೊದಲು ನೋಡಲಿ, ತಿರುಪಿನ ಉದ್ದವನ್ನೂ ಸಂದಿನ ಅಳತೆಯನ್ನೂ ಆಮೇಲೆ, ಬೆಲೆಯನ್ನು ಎಲ್ಲಕ್ಕಿಂತ ಕಡೆಗೆ. ತೆಗೆದ ಹಳೆಯ ಪ್ಲಗ್ಗನ್ನು ಎಸೆಯುವ ಮುನ್ನ ಒಂದು ಗಳಿಗೆ ಬೆಳಕಿಗೆ ಹಿಡಿದು ಅದರ ಮೂತಿಯ ಬಣ್ಣವನ್ನು ಓದಲಿ.