ಡೆಂಕಾಲಿಯ ಕಾಡಿನಲ್ಲಿ

ಬೇಸಿಗೆ ರಜೆಯಲ್ಲಿ ಹಿರಿಯರಿಗೆ ಮಧ್ಯಾಹ್ನದ ಜೊಂಪು ಹತ್ತುತ್ತಿದ್ದಂತೆ ನಾನೂ ತಮ್ಮನೂ ಸದ್ದಿಲ್ಲದೆ ಅಟ್ಟ ಹತ್ತುತ್ತಿದ್ದೆವು. ಲೈಬ್ರರಿಯಿಂದ ಬಾಡಿಗೆಗೆ ತಂದ ಇಂದ್ರಜಾಲ ಕಾಮಿಕ್ಸ್ ಅಲ್ಲಿರುತ್ತಿತ್ತು. ಅಮ್ಮನ ಬಾಯಲ್ಲಿ ಅದು ‘ಹಾಳು ಗೊಂಬೆ ಪುಸ್ತಕ’. ಅದನ್ನೋದಿ ಯಾರು ಉದ್ಧಾರವಾಗಿದ್ದಾರೆ ಎಂದು ಬೈಯುತ್ತಿದ್ದಳು. ಅದರೊಳಗೆ ರಾಜಕೀಯವಿದೆಯೆಂದು ಮಾತ್ರ ಅವಳಿಗೂ ಹೊಳೆದಿರಲಿಲ್ಲ, ನಮಗೂ ಇಲ್ಲ.

ಫ್ಯಾಂಟಮ್‌ನನ್ನು ಅಮೆರಿಕದ ಲೀ ಫಾಕ್ ಸೃಷ್ಟಿಸಿದ್ದು 1936ರಲ್ಲಿ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಇಂದ್ರಜಾಲ ಮಾಲೆ ಆರಂಭಿಸಿ ಅವನನ್ನು ನಮ್ಮ ಮಕ್ಕಳ ಕೈಗಿತ್ತಿತು. ಮೂಲ ಕಥೆಯಲ್ಲಿ ಅವನ ನಾಡಿನ ಹೆಸರು ಬೆಂಗಾಲಿ. ಅವನ ವಂಶದ ಶತ್ರುಗಳು ‘ಸಿಂಗ್’ ಕಡಲ್ಗಳ್ಳರು. ಮೊದಲ ಫ್ಯಾಂಟಮ್‌ನ ತಂದೆಯನ್ನು ಕೊಂದವನ ಹೆಸರು, ನಂಬುತ್ತೀರೋ ಇಲ್ಲವೋ, ರಾಮ! ಇಲ್ಲಿಯ ಸಂಪಾದಕರು ಬೆಂಗಾಲಿಯನ್ನು ಡೆಂಕಾಲಿ ಮಾಡಿದರು, ಸಿಂಗ್ ಸಿಂಗಾ ಆಯಿತು, ರಾಮ ರಾಮಲು ಆದ. ನಮ್ಮವರ ಮನಸ್ಸು ನೋಯಬಾರದೆಂಬ ಮುಂಜಾಗ್ರತೆ. ನನಗಿದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ತಮ್ಮ ಪರದೇಶದಿಂದ ಇಂಗ್ಲಿಷಿನ ಹಳೆಯ ಕಥೆಗಳನ್ನು ತಂದಾಗ.

ಹೆಸರು ತಿದ್ದಿದ ಪೆನ್ನು ಚಿತ್ರವನ್ನು ಮುಟ್ಟಿರಲಿಲ್ಲ. ಬಂಡಾರ್ ಜನ ವಸಾಕರ ಗುಲಾಮರಾಗಿದ್ದರಂತೆ. ಅವರನ್ನು ಬಿಡಿಸಲು ಒಬ್ಬ ಬಿಳಿಯನೇ ಬರಬೇಕಾಯಿತು. ಆಮೇಲೆ ನಾನೂರು ವರ್ಷ ತಂದೆಯಿಂದ ಮಗನಿಗೆ ಅದೇ ತಲೆಬುರುಡೆಯ ಸಿಂಹಾಸನ, ಅದೇ ನ್ಯಾಯತೀರ್ಮಾನ. ಬಿಳಿಯರ ಆಳ್ವಿಕೆ ಮುಗಿದು ಹದಿನೇಳೇ ವರ್ಷವಾಗಿದ್ದ ದೇಶದಲ್ಲಿ ಇದನ್ನೋದಿ ಮಕ್ಕಳು ಚಪ್ಪಾಳೆ ತಟ್ಟಿದರು. ರಾಮನ ಹೆಸರಿಗೆ ಅಷ್ಟು ಹೆದರಿದವರಿಗೆ, ಬಿಳಿಯನ ಮುಂದೆ ಕೈಕಟ್ಟಿ ನಿಂತ ಕಪ್ಪು ಜನರ ಚಿತ್ರದಲ್ಲಿ ಯಾವ ತಪ್ಪೂ ಕಾಣಲಿಲ್ಲವೆ?

ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಎಂಬ ಪದ ದೊಡ್ಡವರ ಬಾಯಲ್ಲೂ ಪಿಸುಮಾತಾಯಿತು. 1975ರಲ್ಲೇ ವ್ಯಂಗ್ಯಚಿತ್ರಗಳ ‘ಶಂಕರ್ಸ್ ವೀಕ್ಲಿ’ ಮುಚ್ಚಿತು. ಆ ಡಿಸೆಂಬರಿನಲ್ಲಿ ಅಬು ಅಬ್ರಹಾಂ, ಸ್ನಾನದ ತೊಟ್ಟಿಯಿಂದಲೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುವ ರಾಷ್ಟ್ರಪತಿಯನ್ನು ಬರೆದದ್ದು ಹೇಗೋ ಅಚ್ಚಾಯಿತು. ಮರುವರ್ಷ, ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, ಇಂದ್ರಜಾಲದಲ್ಲಿ ಆಬಿದ್ ಸುರ್ತಿಯವರ ಬಹಾದುರ್ ಬಂದ. ಕೇಸರಿ ಕುರ್ತಾ, ಜೀನ್ಸ್ ತೊಟ್ಟ ನಮ್ಮದೇ ನಾಯಕ! ಡಕಾಯಿತ ತಂದೆ ಪೊಲೀಸರಿಂದ ಸತ್ತಿದ್ದರೂ ಮಗ ಪೊಲೀಸರ ಜೊತೆ ಸೇರಿ ನಾಗರಿಕರ ರಕ್ಷಣಾ ದಳ ಕಟ್ಟುತ್ತಾನೆ. ಬರೆದವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಆ ಕಾಲದಲ್ಲಿ ಯಾವ ಅಧಿಕಾರಿಯೂ ಹುಬ್ಬು ಗಂಟಿಕ್ಕಬೇಕಾಗದ ಕಥೆ ಅದು.

ಮಾಲೆ 1990ರಲ್ಲಿ ನಿಂತಿತು. ನಮ್ಮ ಹಿತ್ತಿಲಿನ ಡೆಂಕಾಲಿ ಅದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು. ಅಮ್ಮನ ನೇರಳೆ ಲಂಗದ ತುಂಡು ಕಟ್ಟಿಕೊಂಡು ತಮ್ಮನೇ ಯಾವಾಗಲೂ ಫ್ಯಾಂಟಮ್. ತಗಡಿನ ಡಬ್ಬ ಬಡಿದು ಅವನ ಬರವನ್ನು ಸಾರುವ ಬಂಡಾರ್ ನಾನು. ಇಷ್ಟು ವರ್ಷಗಳ ಮೇಲೆ ಮೊನ್ನೆ ಅದನ್ನು ಎತ್ತಿ ಆಡಿದೆ.

“ಬರೀ ಡಬ್ಬ ಅಲ್ಲ ಅಕ್ಕಾ,” ಎಂದ ನಗುತ್ತಾ, “ಎರಡು ಸಲ ನಿನ್ನನ್ನು ಕುದುರೆಯನ್ನೂ ಮಾಡಿದ್ದೆ.”